ಬೀಗ ಬಿದ್ದ ಬಾಗಿಲು

ನನ್ನ ಉಪಾಧ್ಯಾಯವೃತ್ತಿಯ ಕಡೆಯ ವರ್ಷಗಳಲ್ಲಿ, ಪೀಣ್ಯದ ಕೈಗಾರಿಕಾ ಪ್ರದೇಶದೊಳಗೆ ನಾನು ದಿನವೂ ನಡೆದುಹೋಗುತ್ತಿದ್ದ ದಾರಿಯಲ್ಲಿ ಒಂದು ಕಾರ್ಖಾನೆಯಿದ್ದಿತು. ನಾಲ್ಕು ಕಡೆಯೂ ಲೇತುಗಳ ಘರ್ಘರಧ್ವನಿಯು ಕೇಳಿಬರುತ್ತಿರಲು, ಅದೊಂದು ಮಾತ್ರ ಮೌನವ್ರತವನ್ನು ಹಿಡಿದಂತೆ ನಿಂತಿದ್ದಿತು. ಬಾಗಿಲಿಗೆ ಬೀಗ, ಬೀಗಕ್ಕೆ ಬ್ಯಾಂಕಿನ ಮುದ್ರೆ, ಒಳಗೆ ಲಂಟಾನದ ಪೊದೆ. ಗೇಣು ನೆಲಕ್ಕೂ ಬೆಲೆಯಿರುವ ಈ ಊರಿನಲ್ಲಿ ಇಷ್ಟು ಜಾಗವು ಹಾಳುಬಿದ್ದಿರುವುದೇಕೆಂದು ಹುಡುಗರು ಕೇಳಿದರೆ, “ಅದಕ್ಕೆ ಒಡೆಯನಿಲ್ಲವಪ್ಪಾ” ಎಂದು ಹೇಳಿಬಿಡುತ್ತಿದ್ದೆನು. ಆ ಉತ್ತರವು ತಪ್ಪೆಂಬುದು ತಿಳಿದದ್ದು ನಿವೃತ್ತನಾದ ಮೇಲೆ.

ನನ್ನ ಹಳೆಯ ಶಿಷ್ಯನೊಬ್ಬನು ಈಗ ವಕೀಲನಾಗಿದ್ದಾನೆ. ದಿವಾಳಿಯಾದ ಕಂಪೆನಿಗಳ ಆಸ್ತಿಯನ್ನು ವ್ಯಾಜ್ಯಗಳಿಂದ ಬಿಡಿಸಿ ಮತ್ತೆ ಉಪಯೋಗಕ್ಕೆ ತರುವುದೇ ಅವನ ಕೆಲಸ. ಅವನು ಹೇಳಿದನು: “ಗುರುಗಳೇ, ಇಂಥ ನೆಲಕ್ಕೆ ಒಡೆಯರಿಲ್ಲವೆಂಬುದಲ್ಲ ತೊಂದರೆ, ಒಡೆಯರು ಹೆಚ್ಚಾದುದೇ ತೊಂದರೆ.” ಅದು ಹೇಗೆಂದರೆ, ಬ್ಯಾಂಕಿಗೆ ಅಡವಿನ ಹಕ್ಕು, ಸರ್ಕಾರಕ್ಕೆ ತೆರಿಗೆಯ ಬಾಕಿ, ಪಾಲುದಾರರಿಗೆ ಪರಸ್ಪರ ವ್ಯಾಜ್ಯ, ಕೆಲಸಗಾರರಿಗೆ ಬಾರದ ಸಂಬಳ. ಒಬ್ಬನು ಬಾಗಿಲು ತೆರೆಯಹೋದರೆ ಮತ್ತೊಬ್ಬನು ತಡೆಯಾಜ್ಞೆಯನ್ನು ತರುವನು.

ನೆಲದ ಪೂರ್ವವೃತ್ತಾಂತವನ್ನೂ ನೆನೆಯಬೇಕು. ೧೯೬೬ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಶಾಸನದ ಮೇರೆಗೆ ರೈತರಿಂದ ಭೂಮಿಯನ್ನು ವಶಪಡಿಸಿಕೊಂಡು ಉದ್ಯಮಿಗಳಿಗೆ ಹಂಚುವುದುಂಟಷ್ಟೆ. ಕರಾರಿನಂತೆ ಉದ್ಯಮವನ್ನು ನಡೆಸದವನಿಂದ ಮಂಡಲಿಯು ಅದನ್ನು ಹಿಂದಕ್ಕೆ ಪಡೆಯಬಹುದು. ಆದರೆ ಸಾಲದಲ್ಲಿ ಮುಳುಗಿದ ಕಂಪೆನಿಯ ಗಂಟು ಅಷ್ಟು ಸುಲಭವಾಗಿ ಬಿಚ್ಚದು. ರೋಗಗ್ರಸ್ತ ಕೈಗಾರಿಕೆಗಳಿಗಾಗಿ ೧೯೮೫ರಲ್ಲಿ ಆದ ಶಾಸನವು ವಿಚಾರಣೆ ಮುಗಿಯುವವರೆಗೂ ಸಾಲಗಾರರ ಕೈಯನ್ನು ಕಟ್ಟುತ್ತಿದ್ದಿತು. ವಿಚಾರಣೆಯೋ ವರ್ಷಗಟ್ಟಲೆ ನಡೆಯುತ್ತಿದ್ದಿತು. ಸರ್ಕಾರದ ಸ್ವತ್ತಿಗೂ ಇದೇ ಗತಿ. ೧೯೫೬ರಲ್ಲಿ ಸ್ಥಾಪಿತವಾದ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಯು ೨೦೦೨ರಲ್ಲಿ ಮುಚ್ಚಿದ ಮೇಲೆ ಅದರ ವಿಶಾಲವಾದ ಭೂಮಿಯು ಬಹುಕಾಲ ನಿರುಪಯುಕ್ತವಾಗಿ ಬಿದ್ದಿದ್ದಿತು. ೨೦೧೬ರ ದಿವಾಳಿ ಸಂಹಿತೆಯು ಇದಕ್ಕೊಂದು ಗಡುವನ್ನು ಹಾಕಿತು: ಕಂಪೆನಿಯನ್ನು ಉಳಿಸುವ ಪ್ರಯತ್ನಕ್ಕೆ ೩೩೦ ದಿನಗಳು, ಉಳಿಯದಿದ್ದರೆ ಆಸ್ತಿಯನ್ನು ಮಾರಿ ಕ್ರಮವಾಗಿ ಹಂಚತಕ್ಕದ್ದು. ಗಡುವು ಮೀರುವುದೂ ಉಂಟು, ಆದರೂ ಗಡುವೆಂಬುದೊಂದಿದೆ.

ಇದನ್ನು ಕೇಳುತ್ತಿದ್ದಂತೆ ಪಾಠಶಾಲೆಯಲ್ಲಿ ಓದಿದುದು ನೆನಪಿಗೆ ಬಂದಿತು. ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ, ಉಳದೆ ಬಿಟ್ಟವನ ಹೊಲವನ್ನು ಕಿತ್ತು ಉಳುವವನಿಗೆ ಕೊಡಬೇಕೆಂದು ಕೌಟಿಲ್ಯನು ವಿಧಿಸುತ್ತಾನೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಾದರೋ, ಒಡೆಯನು ಕಾಣದ ಸ್ವತ್ತನ್ನು ರಾಜನು ಮೂರು ವರ್ಷ ಕಾಪಾಡಬೇಕು. “ಇದು ನನ್ನದು” ಎಂದು ಬಂದವನು ಅದರ ರೂಪ, ಸಂಖ್ಯೆಗಳನ್ನು ಸರಿಯಾಗಿ ಹೇಳಿದರೆ ಅವನಿಗೆ ಕೊಡಬೇಕು ಎಂದಿದೆ. ಒಂದು ವಚನವು ನೆಲದ ಮೇಲೆ ಕಣ್ಣಿಟ್ಟಿದೆ. ಮತ್ತೊಂದು ಹಕ್ಕುಳ್ಳವನ ಮೇಲೆ. ಎರಡೂ ಬೇಕು.

ಈ ಎರಡನೆಯದನ್ನು ನಾನೇ ಮರೆತಿದ್ದೆನು. ಆ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದ ಮರುವರ್ಷವೇ ತೀರಿಕೊಂಡವನೊಬ್ಬನ ಹೆಂಡತಿಯು ಒಮ್ಮೆ ನನ್ನ ಬಳಿಗೆ ಬಂದಿದ್ದಳು. ಅವಳ ಮಗನು ನನ್ನ ವಿದ್ಯಾರ್ಥಿ. ಗಂಡನ ಸಂಬಳದ ಚೀಟಿಗಳನ್ನೂ ಹಾಜರಿ ಕಾರ್ಡನ್ನೂ ತೋರಿಸಿ, ಇವುಗಳಿಂದ ಏನಾದರೂ ಆದೀತೇ ಎಂದು ಕೇಳಿದಳು. “ಹೋದುದಕ್ಕೆ ಚಿಂತಿಸಬಾರದು, ತಾಯಿ, ಈ ಕಾಗದಗಳ ಆಸೆಯನ್ನು ಬಿಟ್ಟುಬಿಡು” ಎಂದು ಉಪದೇಶಿಸಿ ಕಳುಹಿಸಿದೆನು. ನನ್ನ ಅಜ್ಞಾನಕ್ಕೆ ವೈರಾಗ್ಯದ ಶಾಲನ್ನು ಹೊದಿಸಿದೆನೆಂದು ಆಗ ನನಗೆ ತೋರಲಿಲ್ಲ.

ತರುವಾಯ ಆ ಕಂಪೆನಿಯ ಆಸ್ತಿಯನ್ನು ಮಾರುವ ಕಾಲ ಬಂದಿತು. ಹಕ್ಕುಳ್ಳವರು ತಿಳಿಸಬೇಕೆಂದು ಪತ್ರಿಕೆಗಳಲ್ಲಿ ಪ್ರಕಟಣೆಯಾಯಿತು. ದಿವಾಳಿಯ ಸಮಾಪನಕ್ಕೆ ಹಿಂದಿನ ೨೪ ತಿಂಗಳ ಕೂಲಿಯ ಬಾಕಿಗೆ ಅಡವು ಹಿಡಿದ ಬ್ಯಾಂಕಿನ ಸಮಾನವಾದ ಸ್ಥಾನವಿದೆಯೆಂದು ಶಿಷ್ಯನು ಹೇಳಿದನು. ನಾನು ಸಂಕೋಚದಿಂದಲೇ ಆಕೆಯ ಮನೆಯನ್ನು ಹುಡುಕಿಕೊಂಡು ಹೋದೆನು. ಆಕೆಯು ಮರುಮಾತಾಡದೆ ತಗಡಿನ ಪೆಟ್ಟಿಗೆಯನ್ನು ತಂದಿಟ್ಟಳು. ಒಂದು ಚೀಟಿಯೂ ಕಳೆದಿರಲಿಲ್ಲ. ಮನುವು ಕೇಳಿದ ರೂಪಸಂಖ್ಯೆಗಳೆಲ್ಲವೂ ಅದರೊಳಗಿದ್ದುವು. ಅರ್ಜಿಯನ್ನು ನಾನೇ ಬರೆದೆನು. ಬಂದ ಹಣವು ಬಾಕಿಯ ಒಂದು ಭಾಗ ಮಾತ್ರ, ಆದರೂ ಬಂದಿತು.

ಈಗ ಆ ಬಾಗಿಲು ತೆರೆದಿದೆ. ಹೊಸಬರು ಯಂತ್ರಗಳನ್ನು ಹೂಡಿದ್ದಾರೆ. ಲಂಟಾನವಿದ್ದ ಕಡೆ ಹುಡುಗರ ಸೈಕಲ್ಲುಗಳು ನಿಂತಿರುತ್ತವೆ. ಊರಿಗೆ ನೆಲವನ್ನು ಮರಳಿಸುವ ಈ ನ್ಯಾಯಕಾರ್ಯವು ಪುಣ್ಯದ ಕೆಲಸವೇ ಸರಿ. ಆದರೆ ಹರಾಜಿನ ಬೆಲೆಯೊಂದರಿಂದಲೇ ಅದನ್ನು ಅಳೆಯಬಾರದು. ಹಕ್ಕುದಾರರ ಪಟ್ಟಿಯನ್ನು ಶಿಷ್ಯನು ನನಗೆ ತೋರಿಸಿದನು. ಬ್ಯಾಂಕುಗಳಿದ್ದುವು, ಇಲಾಖೆಗಳಿದ್ದುವು, ಕಡೆಗೆ ಆ ಹೆಂಗಸಿನ ಹೆಸರೂ ಇದ್ದಿತು. ಆ ನೆಲವನ್ನು ಮೊದಲು ಉತ್ತವನ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ.