ತಿರುವಿಗೆ ಮುನ್ನಿನ ಸಂಯಮ

ಮಾರ್ಗವೆಂದ ಮೇಲೆ ತಿರುವು ಇದ್ದೇ ಇರುತ್ತದೆ. ನೇರವಾದ ಹಾದಿಯಲ್ಲಿ ವಾಹನವನ್ನು ಓಡಿಸುವುದು ಬಹುಮಂದಿಗೆ ಸಾಧ್ಯ. ಚಾಲಕನ ತಿಳಿವು ಪರೀಕ್ಷೆಗೆ ಒಳಗಾಗುವುದು ಇಕ್ಕಟ್ಟಾದ ತಿರುವಿನಲ್ಲಿ. ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದ ಬಂಧುಗಳಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಈ ಮೂರೂ ಊರುಗಳನ್ನು ಪೋಣಿಸಿರುವ ಹೆದ್ದಾರಿಯಿಂದ ಇಳಿದು ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಕ್ಯಾಂಪುಗಳ ಕಡೆಗೆ ಹೊರಟರೆ, ಸೇತುವೆಯ ಬಳಿ ರಸ್ತೆಯು ಮೊಣಕೈಯಂತೆ ಥಟ್ಟನೆ ಮಡಿಯುವುದನ್ನು ಕಾಣುತ್ತೇವೆ. ಒಂದು ಪಕ್ಕಕ್ಕೆ ನೀರು, ಇನ್ನೊಂದು ಪಕ್ಕಕ್ಕೆ ಭತ್ತದ ಗದ್ದೆ. ಅಂಥಲ್ಲಿ ಜಾರಿದ ಗಾಲಿಯನ್ನು ಮರಳಿ ತರಲು ಎಡೆಯೇ ಇರುವುದಿಲ್ಲ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಾವ್ಯಗಳನ್ನು ಓದಿಕೊಂಡ ಮುದುಕನಿಗೂ ಮೋಟಾರು ಕ್ರೀಡೆಗೂ ಎತ್ತಣ ನಂಟು ಎಂದು ವಾಚಕರು ಕೇಳಬಹುದು. ನನ್ನ ತಮ್ಮನ ಮಗನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಆಟೋಕ್ರಾಸ್ ಎಂಬ ಹವ್ಯಾಸಿ ಸ್ಪರ್ಧೆಯ ಗೀಳನ್ನು ಹಚ್ಚಿಕೊಂಡನು. ಮನೆಯಲ್ಲಿ ದೊಡ್ಡ ಕಳವಳವೇ ಎದ್ದಿತು. “ಭಾವನವರ, ಇರಾವ ಒಬ್ಬನ ಮಗ. ನೀವಾದ್ರೂ ಅವಗ ಬುದ್ಧಿ ಹೇಳ್ರಿ” ಎಂದು ಅವನ ತಾಯಿ ನನ್ನೆದುರು ಕಣ್ಣೀರು ಹಾಕಿದಳು. ಬುದ್ಧಿ ಹೇಳುವುದಕ್ಕೆ ಮೊದಲು ವಿಷಯವನ್ನು ತಿಳಿದುಕೊಳ್ಳುವುದು ಲೇಸೆಂದು, ಸುಗ್ಗಿಗೆ ಅವನು ಊರಿಗೆ ಬಂದಾಗ ಪಡಸಾಲೆಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಕೇಳಿದೆನು.

ನಾನು ಭಾವಿಸಿದ್ದುದು ಒಂದು, ಅವನು ಹೇಳಿದ್ದುದು ಮತ್ತೊಂದು. ಆಟೋಕ್ರಾಸಿನಲ್ಲಿ ಸಾಮಾನ್ಯವಾಗಿ ವಾಹನಗಳು ಒಂದನ್ನೊಂದು ಹಿಂದಿಕ್ಕಿ ಓಡುವುದಿಲ್ಲ. ಜನಸಂಚಾರವಿಲ್ಲದ ಬಯಲಿನಲ್ಲಿ ಪ್ಲಾಸ್ಟಿಕ್ಕಿನ ಶಂಕುಗಳನ್ನು ನೆಟ್ಟು ಅಂಕುಡೊಂಕಾದ ಹಾದಿಯನ್ನು ರಚಿಸುತ್ತಾರೆ. ಒಬ್ಬೊಬ್ಬರಾಗಿ ಗಡಿಯಾರದೊಡನೆ ಸ್ಪರ್ಧಿಸಬೇಕು. ಶಂಕುವನ್ನು ತಾಗಿದರೆ ದಂಡವಾಗಿ ಕಾಲವನ್ನು ಸೇರಿಸುತ್ತಾರೆ. ತಲೆಗೆ ಶಿರಸ್ತ್ರಾಣ, ಎದೆಗೆ ಬಿಗಿಪಟ್ಟಿ ಕಡ್ಡಾಯ. ಬೆಂಗಳೂರು, ಚಿಕ್ಕಮಗಳೂರು, ಮಂಗಳೂರುಗಳ ಕಡೆ ಇಂತಹ ಸ್ಪರ್ಧೆಗಳು ನಡೆಯುತ್ತ ಬಂದಿವೆ. ಹಾದಿಯೆಲ್ಲ ತಿರುವುಗಳೇ ಆದುದರಿಂದ ಇಲ್ಲಿ ಗೆಲ್ಲುವವನು ಎಂಜಿನ್ನಿನ ಬಲವನ್ನು ನೆಚ್ಚಿದವನಲ್ಲ, ತಿರುವನ್ನು ಬಲ್ಲವನು.

“ಹಾಗಾದರೆ ತಿರುವಿನ ಗುಟ್ಟೇನು?” ಎಂದೆನು. “ದೊಡ್ಡಪ್ಪ, ತಿರುವಿನೊಳಗ ಮಾಡೋದು ಭಾಳ ಕಡಿಮಿ. ಮಾಡೋದೆಲ್ಲ ಅದಕಿಂತ ಮೊದಲ” ಎಂದನು. ಈ ಮಾತನ್ನು ಅವನು ಬಿಡಿಸಿ ಹೇಳಿದ ಬಗೆ ಹೀಗಿದೆ. ಗಾಲಿಗೆ ನೆಲದ ಹಿಡಿತವೆಂಬುದು ಒಂದೇ ಕಣಜದ ಕಾಳಿದ್ದಂತೆ. ವೇಗವನ್ನು ತಗ್ಗಿಸಲಿಕ್ಕೂ ಅದೇ ಕಣಜದಿಂದ ತೆಗೆಯಬೇಕು, ವಾಹನವನ್ನು ತಿರುಗಿಸಲಿಕ್ಕೂ ಅದೇ ಕಣಜದಿಂದ ತೆಗೆಯಬೇಕು. ಎರಡನ್ನೂ ಒಮ್ಮೆಲೇ ಬಲವಾಗಿ ಮಾಡಹೊರಟರೆ ಕಣಜ ಬರಿದಾಗಿ ಗಾಲಿ ಜಾರುತ್ತದೆ. ಅಲ್ಲದೆ ಬ್ರೇಕು ಒತ್ತಿದೊಡನೆ ಭಾರವು ಮುಂದಕ್ಕೆ ವಾಲಿ ಹಿಂದಿನ ಗಾಲಿಗಳು ಹಗುರಾಗುವುದರಿಂದ, ನಡುತಿರುವಿನಲ್ಲಿ ವಾಹನದ ಬಾಲ ಹೊರಕ್ಕೆ ತೊನೆಯುತ್ತದೆ. ಆದ್ದರಿಂದ ಗಾಲಿಗಳು ನೇರವಾಗಿರುವಾಗಲೇ ಬ್ರೇಕು ಒತ್ತಿ, ಗೇರು ಇಳಿಸಿ, ಬಳಿಕ ತಿರುಗಬೇಕು. ಹೊರದಾರಿ ಕಂಡ ಮೇಲೆ ಮೆಲ್ಲನೆ ವೇಗ ಕೂಡಿಸಬೇಕು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಶ್ಲೋಕ ಹೇಳಿಸುವಾಗ, ಯತಿಯಿರುವಲ್ಲಿ ಉಸಿರು ತೆಗೆದುಕೊಳ್ಳಿರಿ, ಪದದ ನಡುವೆ ಉಸಿರಿಗೆ ತಡವರಿಸಬೇಡಿರಿ ಎಂದು ಎಚ್ಚರಿಸುತ್ತಿದ್ದುದು ನನಗೆ ಆಗ ನೆನಪಾಯಿತು.

ಕಾಗದದ ಮೇಲೆ ಅವನು ಲೆಕ್ಕವನ್ನೂ ಮಾಡಿ ತೋರಿಸಿದನು. ವೇಗ ಇಮ್ಮಡಿಯಾದರೆ ವಾಹನವನ್ನು ಹೊರಕ್ಕೆ ಎಸೆಯುವಂತೆ ತೋರುವ ಬಲ ನಾಲ್ಮಡಿಯಾಗುತ್ತದೆ. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗವಿದ್ದರೆ ಆ ಬಲ ವಾಹನದ ತೂಕದ ಮೂರರಲ್ಲಿ ಒಂದು ಪಾಲಿನಷ್ಟು. 30 ಕಿಲೋಮೀಟರಿಗೆ ಅದು ತೂಕದ ನೂರಕ್ಕೆ 70 ಪಾಲು. ಒಣಗಿದ ಡಾಂಬರಿನ ಮೇಲೆ ಸಾಧಾರಣ ಟೈರು ತಾಳುವ ಮಿತಿ ಹೆಚ್ಚುಕಡಿಮೆ ಅಷ್ಟೇ. 40ಕ್ಕೆ ಅದು ವಾಹನದ ಪೂರ್ಣ ತೂಕವನ್ನೂ ಮೀರುತ್ತದೆ. ಕಡಿಯ ಮೇಲೆ, ಮಳೆ ಬಿದ್ದ ಎರೆಮಣ್ಣಿನ ಮೇಲೆ ಮಿತಿಯು ಇನ್ನೂ ಬಹಳ ಕೆಳಗಿಳಿಯುತ್ತದೆ. ಸ್ಪರ್ಧೆಯಲ್ಲಿ ಹೆಚ್ಚು ವೇಗದಿಂದ ತಿರುವಿಗೆ ನುಗ್ಗಿದವನು ಹೊರಕ್ಕೆ ಜಾರಿ, ಕಾಲ ಕಳೆದುಕೊಂಡು, ನಿಧಾನವಾಗಿ ಹೊಕ್ಕವನಿಗೆ ಸೋಲುವುದು ಇದರಿಂದಲೇ.

ಎರಡನೆಯ ಪಾಠ ದೃಷ್ಟಿಯದು. ಶಂಕುವನ್ನೇ ನೋಡುತ್ತ ಹೋದವನು ಶಂಕುವಿಗೇ ತಾಗುವನು. ಕಣ್ಣು ತಿರುವಿನ ಆಚೆಗೆ, ಹೊರಬೀಳಬೇಕಾದ ಎಡೆಯ ಮೇಲೆ ಇರಬೇಕು. ಕೈ ಕಣ್ಣನ್ನು ಅನುಸರಿಸುತ್ತದೆ. ಮೂರನೆಯದು ಹೊರಳುವ ಸಮಯ. ಅವಸರಪಟ್ಟು ಒಳಮೂಲೆಗೆ ಬೇಗ ಹೊರಳಿದವನು ಕೊನೆಯಲ್ಲಿ ಅಂಚಿನಾಚೆಗೆ ಹೋಗುತ್ತಾನೆ. ತುಸು ತಾಳಿ, ಮೂಲೆಯ ಆಚೆ ಕಂಡ ಮೇಲೆ ಹೊರಳಿದವನಿಗೆ ಮುಂದಿನ ದಾರಿ ನೇರವಾಗುತ್ತದೆ. ಆದರೆ ಬಯಲಿನಲ್ಲಿ ಹಾದಿಯ ಅಗಲವೆಲ್ಲ ಸ್ಪರ್ಧಿಯದು. ಸಾರ್ವಜನಿಕ ರಸ್ತೆಯಲ್ಲಿ ಎಡಮಗ್ಗುಲು ಮಾತ್ರ ನಮ್ಮದು, ಬಲಮಗ್ಗುಲು ಎದುರಿನಿಂದ ಬರುವವರದು.

ಇದನ್ನೆಲ್ಲ ಕೇಳುತ್ತಿದ್ದಂತೆ ನಮ್ಮ ಹಿರಿಯರು ಚಕ್ಕಡಿಯನ್ನು ತಿರುಗಿಸುತ್ತಿದ್ದ ರೀತಿ ಕಣ್ಣಮುಂದೆ ಸುಳಿಯಿತು. ಮೂಲೆ ಬರುವ ಮೊದಲೇ ಹಗ್ಗ ಜಗ್ಗಿ ನಡಿಗೆಯನ್ನು ತಗ್ಗಿಸುವರು. ಒಳಗಿನ ಎತ್ತನ್ನು ತಡೆದು ಹೊರಗಿನ ಎತ್ತನ್ನು ಮುಂದಕ್ಕೆ ಬಿಡುವರು. ಅಚ್ಚಿನ ಮೇಲೆ ಎರಡು ಗಾಲಿಗಳೂ ಬೇರೆಬೇರೆಯಾಗಿ ಉರುಳುವುದರಿಂದ ಒಳಗಿನದು ನಿಧಾನಕ್ಕೂ ಹೊರಗಿನದು ಬೇಗಕ್ಕೂ ತಿರುಗುವುದು. ಮೋಟಾರಿನಲ್ಲಿ ಇದೇ ಕೆಲಸವನ್ನು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಮಾಡುತ್ತದೆ.

ಇನ್ನು ನಮ್ಮ ಸೀಮೆಗೆ ಅತ್ಯಂತ ಮುಖ್ಯವಾದ ಸಂಗತಿ ಟ್ರ್ಯಾಕ್ಟರಿನದು. ಸ್ಪರ್ಧಿಗಳು ತೀರ ಇಕ್ಕಟ್ಟಾದ ಮೂಲೆಯಲ್ಲಿ ಕೈಬ್ರೇಕು ಎಳೆದು, ಹಿಂದಿನ ಗಾಲಿಗಳನ್ನು ಜಾರಿಸಿ, ವಾಹನವನ್ನು ಗಿರಕ್ಕನೆ ತಿರುಗಿಸುವುದುಂಟು. ಟ್ರ್ಯಾಕ್ಟರಿಗೂ ಅಂಥದೇ ಒಂದು ಉಪಾಯವಿದೆ: ಎಡಬಲ ಗಾಲಿಗಳಿಗೆ ಬೇರೆಬೇರೆ ಬ್ರೇಕು. ಹೊಲದ ಅಂಚಿನಲ್ಲಿ ಒಳಗಾಲಿಯ ಬ್ರೇಕನ್ನಷ್ಟೇ ಒತ್ತಿದರೆ ಅದು ನಿಂತಲ್ಲೇ ಹೊರಳುತ್ತದೆ. ಹೊಲದಲ್ಲಿ ವರವಾದ ಈ ಅನುಕೂಲ ರಸ್ತೆಯ ವೇಗದಲ್ಲಿ ಶಾಪವಾಗುತ್ತದೆ. ಒಂದೇ ಗಾಲಿ ಕಚ್ಚಿಕೊಂಡು ಟ್ರ್ಯಾಕ್ಟರು ಪಲ್ಟಿಯಾಗಬಹುದು. ಅದಕ್ಕಾಗಿಯೇ ಎರಡೂ ಪೆಡಲುಗಳನ್ನು ಜೋಡಿಸುವ ಕೊಂಡಿಯನ್ನು ತಯಾರಕರು ಇಟ್ಟಿರುತ್ತಾರೆ.

ಹಿಂದೆ ಟ್ರೇಲರು ಇದ್ದರೆ ಎಚ್ಚರ ಇಮ್ಮಡಿಯಾಗಬೇಕು. ಟ್ರೇಲರಿನ ಗಾಲಿ ಟ್ರ್ಯಾಕ್ಟರಿನ ಜಾಡಿನಲ್ಲೇ ಬರದೆ ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ; ಸೇತುವೆಯ ತಡೆಗೋಡೆಗೆ ಅದು ತಾಗುವುದು ಹೀಗೆಯೇ. ತನ್ನದೇ ಬ್ರೇಕು ಇಲ್ಲದ ಟ್ರೇಲರು ತಿರುವಿನಲ್ಲಿ ಟ್ರ್ಯಾಕ್ಟರನ್ನೇ ಹಿಂದಿನಿಂದ ನೂಕಿ ಅಡ್ಡ ಮಡಿಸಬಲ್ಲದು. ಎತ್ತರವಾಗಿ ಹೇರಿದ ಹೊರೆಯಂತೂ ಜಾರುವ ಮೊದಲೇ ಮಗುಚುತ್ತದೆ. ಗಾಲಿಗಳ ನಡುವೆ 1.5 ಮೀಟರ್ ಅಂತರವಿದ್ದು, ಭಾರದ ಕೇಂದ್ರವೂ ನೆಲದಿಂದ ಅಷ್ಟೇ ಎತ್ತರದಲ್ಲಿದ್ದರೆ, ಮೇಲೆ ಹೇಳಿದ 10 ಮೀಟರ್ ತಿರುವಿನಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗವೇ ಅದನ್ನು ಉರುಳಿಸಲು ಸಾಕು. ನಾಟಿಗೆ, ಹತ್ತಿ ಬಿಡಿಸಲಿಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು ಇಂಥದೇ ಟ್ರೇಲರಿನ ಅಂಚು ಹಿಡಿದು ನಿಂತು ಸಾಗುತ್ತಾರೆ. ಕಾನೂನು ಇದನ್ನು ಒಪ್ಪುವುದಿಲ್ಲ. ಆದರೂ ನಿತ್ಯವೂ ನಡೆಯುತ್ತಿದೆ.

ಆ ಸುಗ್ಗಿಯಲ್ಲಿಯೇ ಒಂದು ಮದುವೆಯ ನಿಮಿತ್ತ ಅವನೊಡನೆ ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋದೆನು. ತಿರುವು ದೂರದಲ್ಲಿ ಕಂಡಾಗಲೇ ವಾಹನದ ವೇಗ ತಗ್ಗುತ್ತಿತ್ತು. ತಿರುವಿನಲ್ಲಿ ನನ್ನ ಮೈ ಅತ್ತಿತ್ತ ತುಳುಕಲಿಲ್ಲ. ಜನ ತುಂಬಿದ ಟ್ರ್ಯಾಕ್ಟರೊಂದು ಮುಂದೆ ಸಾಗುತ್ತಿದ್ದಾಗ ಹಾರ್ನು ಬಾರಿಸದೆ, ಹಿಂದಿಕ್ಕಲು ಹವಣಿಸದೆ, ತಿರುವು ಮುಗಿಯುವವರೆಗೂ ಅಂತರವಿಟ್ಟೇ ನಡೆದನು. “ಇಲ್ಲಿ ಶಂಕು ಇಲ್ಲ, ದೊಡ್ಡಪ್ಪ. ಮಂದಿ ಅದಾರ” ಎಂದನು. ಮರಳಿ ಬಂದು ಅವನ ತಾಯಿಗೆ, “ತಂಗೀ, ಬಯಲಿನ ಆಟವನ್ನು ಬಿಡಿಸಬೇಡ, ರಸ್ತೆಯಲ್ಲಿ ಅದನ್ನು ಆಡದಿರುವ ವಿವೇಕ ಅವನಿಗೆ ಬಂದಿದೆ” ಎಂದು ಹೇಳಿದೆನು. ಆಕೆಯ ಭಯ ಪೂರ್ತಿ ಹೋಗಿಲ್ಲ. ತಾಯಿಯ ಭಯ ಹೋಗಬೇಕಾದುದೂ ಇಲ್ಲ.

ಗೃಹಸ್ಥ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ವೇಗದ ಹಂಬಲವುಳ್ಳ ಹರೆಯದ ಮಗನಿದ್ದರೆ ಬೈದು ಸುಮ್ಮನಾಗದೆ, ವೇಗವನ್ನು ಎಲ್ಲಿ, ಹೇಗೆ ಬಿಡಬೇಕೆಂಬುದನ್ನು ಬಲ್ಲವರ ಕಡೆಯಿಂದ ಕಲಿಸಿರಿ. ಟ್ರ್ಯಾಕ್ಟರು ಅಂಗಳದಿಂದ ರಸ್ತೆಗೆ ಇಳಿಯುವ ಮುನ್ನ ಬ್ರೇಕಿನ ಎರಡೂ ಪೆಡಲುಗಳಿಗೆ ಕೊಂಡಿ ಬಿದ್ದಿದೆಯೇ ಎಂದು ಯಜಮಾನನೇ ನಿಂತು ನೋಡಲಿ. ಸೇತುವೆಗೆ ಬಹು ಮೊದಲೇ ಗೇರು ಇಳಿಸಬೇಕೆಂದು ಚಾಲಕನಿಗೆ ಹೇಳಲಿ. ಕೂಲಿಗೆ ಬರುವ ತಾಯಂದಿರನ್ನು ಟ್ರೇಲರಿನಲ್ಲಿ ನಿಲ್ಲಿಸದೆ, ತುಸು ವೆಚ್ಚವಾದರೂ ಸರಿ, ಕುಳಿತು ಹೋಗುವ ವಾಹನದಲ್ಲಿ ಕರೆದೊಯ್ಯಲಿ. ಅವರ ಮಕ್ಕಳೂ ಸಂಜೆ ಬಾಗಿಲಲ್ಲಿ ಕಾದು ನಿಂತಿರುತ್ತಾರೆ.