ಚೆಲ್ಲಿದ ಲೋಟ

ಬೀರೂರಿನವರಿಗೆ ಕಾಫಿಯ ಮಹಿಮೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನಿಂದ ಬಂದ ರೈಲುದಾರಿಯು ಹುಬ್ಬಳ್ಳಿಗೊಂದು, ಶಿವಮೊಗ್ಗಕ್ಕೊಂದು ಎಂದು ಕವಲೊಡೆಯುವುದು ನಮ್ಮ ಊರಿನಲ್ಲಿಯೇ. ಗಾಡಿ ನಿಂತಷ್ಟು ಹೊತ್ತೂ ನಿಲ್ದಾಣದಲ್ಲಿ ಕೇಳಿಬರುವ ಕೂಗು ಕಾಫಿಯದು. ನೈಋತ್ಯದಲ್ಲಿ ಬಾಬಾಬುಡನ್ ಗಿರಿಯ ಸಾಲು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮನ್ ದೇಶದಿಂದ 7 ಕಾಫಿ ಬೀಜಗಳನ್ನು ತಂದು ಆ ಬೆಟ್ಟದಲ್ಲಿ ಬಿತ್ತಿದರೆಂದು ಪ್ರತೀತಿಯುಂಟು. ಇಂಥ ಸೀಮೆಯಲ್ಲಿ, ಕೆಲಸ ಮಾಡುವ ಮೇಜಿನ ಮೇಲೆ ಕಾಫಿಯ ಲೋಟ ಇರಕೂಡದೆಂದು ಯಾರಾದರೂ ಶಾಸನ ಮಾಡಿದರೆ, ಅದನ್ನು ಮೊದಲು ಮೀರುವವರು ಆ ಶಾಸನವನ್ನು ಬರೆದವರೇ ಆಗಿರುತ್ತಾರೆ. ಆದುದರಿಂದ ಕಾಫಿಯನ್ನು ಬಿಡಿರೆಂದು ಉಪದೇಶಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಅದು ಹೊಟ್ಟೆಯನ್ನು ಸೇರದೆ ಗಣಕಯಂತ್ರವನ್ನು ಸೇರಿದಾಗ ಆಗುವ ಅನರ್ಥವನ್ನೂ, ಆ ಅನರ್ಥದ ನಿಜವಾದ ಮೂಲವನ್ನೂ ವಾಚಕರ ಮುಂದಿಡುವುದಷ್ಟೇ ನನ್ನ ಉದ್ದೇಶ.

ಹಿಂದೆ ನಮ್ಮ ಊರಿನ ಮಂಡಿಗಳಲ್ಲಿ ಗುಮಾಸ್ತರು ಇಳಿಮೇಜಿನ ಮುಂದೆ ಕುಳಿತು ಕಿರ್ದಿ ಖಾತೆಗಳನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿಯೂ ಕಾಫಿ ಚೆಲ್ಲುತ್ತಲೇ ಇದ್ದಿತು. ಆಗ ಪುಟವನ್ನು ಬಟ್ಟೆಯಿಂದ ಒತ್ತಿ ಬಿಸಿಲಿಗೆ ಹರಡಿದರೆ ಸಾಕು. ಕಂದು ಬಣ್ಣದ ಕಲೆಯೊಂದು ಉಳಿದರೂ ಅಂಕಿಗಳು ಓದಬರುತ್ತಿದ್ದವು. ಕಾಗದವು ತನಗಾದ ಪೆಟ್ಟನ್ನು ಮರೆಮಾಚುವುದಿಲ್ಲ. ಗಣಕಯಂತ್ರದ ಸ್ವಭಾವವೇ ಬೇರೆ. ಮೇಲೆ ಒರೆಸಿದೊಡನೆ ಅದು ಏನೂ ಆಗದಂತೆ ಹೊಳೆಯುತ್ತದೆ; ಒಳಗೆ ನಡೆಯುವುದು ನಮಗೆ ಕಾಣುವುದಿಲ್ಲ. ಬೂದಿ ಮುಚ್ಚಿದ ಕೆಂಡವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

ನನ್ನ ತಂಗಿಯ ಮಗಳು ನಮ್ಮ ಬೀದಿಯಲ್ಲಿಯೇ ಇದ್ದಾಳೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಸಂಘಗಳ ವಾರ್ಷಿಕ ವರದಿ ಮೊದಲಾದುವನ್ನು ಮನೆಯಲ್ಲಿಯೇ ಲ್ಯಾಪ್‌ಟಾಪಿನಲ್ಲಿ ಅಕ್ಷರ ಜೋಡಿಸಿ ಮುದ್ರಣಾಲಯಗಳಿಗೆ ಕಳುಹಿಸುವುದು ಅವಳ ಉದ್ಯೋಗ. ಒಂದು ವೈಶಾಖ ಮಾಸ, ಮದುವೆಗಳ ಭರಾಟೆಯ ಕಾಲ. ಬೆಳಗ್ಗೆ ಅವಳು ಯಂತ್ರವನ್ನು ತೆರೆದು ಪತ್ರಿಕೆಯೊಂದನ್ನು ಪ್ರಾರಂಭಿಸಿದಾಗ, ತಲೆಯ ಮೇಲಿನ ‘ಶ್ರೀ’ ಎಂಬುದು ‘ಶರೀ’ ಎಂದು ಮೂಡಿತು. ‘ವಿಘ್ನ’ವು ‘ವಿಘನ’ವಾಯಿತು, ‘ಪುತ್ರಿ’ಯು ‘ಪುತರಿ’ಯಾದಳು. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ನಾಡಿನಲ್ಲೆಲ್ಲ ಬಳಕೆಗೆ ಬಂದ ಕನ್ನಡ ಕೀಲಿಮಣೆಯ ಕ್ರಮದಲ್ಲಿ ಇಂಗ್ಲಿಷಿನ ‘ಎಫ್’ ಎಂಬ ಕೀಲಿಯೇ ಒತ್ತಕ್ಷರಗಳನ್ನು ಕೂಡಿಸುವ ಕೊಂಡಿ. ಆ ಒಂದು ಕೀಲಿ ಮೂಕವಾದರೆ ಕನ್ನಡದ ಒತ್ತುಗಳೆಲ್ಲವೂ ಕಳಚಿ ಬೀಳುತ್ತವೆ. ಅವಳು ಮೊದಲು ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಇನ್ನೂ ನಾಲ್ಕು ಕೀಲಿಗಳು ಅಂಟಿಕೊಂಡುವು. ಮೂರನೆಯ ದಿನ ಪರದೆಯು ಕಪ್ಪಾಗಿ, ಯಂತ್ರವು ಎಷ್ಟು ಒತ್ತಿದರೂ ಕಣ್ಣು ತೆರೆಯದೆ ಹೋಯಿತು.

ಶಿವಮೊಗ್ಗದಲ್ಲಿ ರಿಪೇರಿ ಮಾಡುವವರು ಅದರ ಬೆನ್ನನ್ನು ಬಿಚ್ಚಿ ತೋರಿಸಿದರು. ಬ್ಯಾಟರಿಯ ತಂತಿ ಸೇರುವೆಡೆಯಲ್ಲಿ ಹಸುರುಬಣ್ಣದ ಹಕ್ಕಳೆ ಕಟ್ಟಿತ್ತು. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ನಿಂತರೆ ಏಳುವ ಕಿಲುಬನ್ನು ಬಲ್ಲ ಯಾವ ಗೃಹಿಣಿಗೂ ಅದರ ಗುರುತು ಸಿಕ್ಕುತ್ತದೆ. “ಸಕ್ಕರೆ ಹಾಕಿದ ಹಾಲು ಬಿದ್ದಿದೆ; ಬಿದ್ದ ಮೇಲೂ ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದೀರಿ. ಆಗಲೇ ಆರಿಸಿ ತಂದಿದ್ದರೆ ಉಳಿಸಬಹುದಾಗಿತ್ತು” ಎಂದು ಅವರು ಹೇಳಿದರು. ಬರೆದಿಟ್ಟ ಕಡತಗಳಿದ್ದ ಭಾಗವು ದೈವವಶಾತ್ ಬೇರೆಯಾಗಿ ತೆಗೆಯಬರುವಂಥದಾಗಿ, ಕೆಲಸವೇನೋ ಕೈಗೆ ದೊರೆಯಿತು. ಯಂತ್ರ ಹೋಯಿತು, ಅದರೊಡನೆ ಅವಳ ಎರಡು ತಿಂಗಳ ಸಂಪಾದನೆಯೂ ಹೋಯಿತು. ಹಾಲು ಹೇಗೆ ಬಿತ್ತೆಂಬುದು ಮಾತ್ರ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಹಾಲು ಬಿದ್ದರೆ ತಾಮ್ರಕ್ಕೇಕೆ ಇಷ್ಟು ಬೇಗ ಕಿಲುಬು ಹಿಡಿಯಬೇಕು? ಅಚ್ಚ ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಹರಿಯುವುದು ಅತ್ಯಲ್ಪ. ಆದರೆ ನಾವು ಕುಡಿಯುವ ನೀರಿನಲ್ಲಿ ಲವಣಗಳಿವೆ. ಹಾಲಿನಲ್ಲಿ ಇನ್ನೂ ಹೆಚ್ಚು. ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ಉಪ್ಪೂ ಹುಳಿಯೂ ಕೂಡಿಯೇ ಇವೆ. ಇಂಥ ದ್ರವವು ಕೂದಲಿನಂತೆ ಒತ್ತೊತ್ತಾಗಿರುವ ತಾಮ್ರದ ಎಳೆಗಳ ನಡುವೆ ನಿಂತಿತೆಂದರೆ ವಿದ್ಯುತ್ತಿಗೆ ಇಲ್ಲದ ದಾರಿಯೊಂದು ದೊರೆಯುತ್ತದೆ. ವಿದ್ಯುತ್ತು ಹರಿಯುತ್ತಿರುವಾಗ ಲೋಹವು ಒಂದು ಕಡೆಯಿಂದ ಕರಗಿ ಇನ್ನೊಂದು ಕಡೆಗೆ ಸಾಗುತ್ತದೆ. ಪಾತ್ರೆಯಲ್ಲಿ ದಿನಗಟ್ಟಲೆ ನಡೆಯುವ ಕಾರ್ಯ ಇಲ್ಲಿ ಗಂಟೆಗಳಲ್ಲಿ ಮುಗಿಯುತ್ತದೆ. ಮುಚ್ಚಳವನ್ನು ಮಡಿಚಿದ ಮಾತ್ರಕ್ಕೆ ಯಂತ್ರವು ಆರಿತೆಂದು ತಿಳಿಯಬಾರದು. ಸಾಮಾನ್ಯವಾಗಿ ಅದು ನಿದ್ರಿಸುತ್ತದೆ, ಅಷ್ಟೆ. ನೀರು ಒಣಗಿ ಹೋಗಬಹುದು, ಸಕ್ಕರೆ ಹೋಗುವುದಿಲ್ಲ. ಅದು ಅಂಟಾಗಿ ಉಳಿದು, ಮಳೆಗಾಲದ ತೇವವನ್ನು ಮತ್ತೆ ಮತ್ತೆ ಸೆಳೆದುಕೊಳ್ಳುತ್ತದೆ. ಇಂದು ಸರಿಯಿದ್ದ ಯಂತ್ರ ಆಷಾಢದಲ್ಲಿ ಕೆಡುವುದಕ್ಕೆ ಇದೂ ಒಂದು ಕಾರಣ.

ಹೀಗೆ ವಿಚಾರಿಸಿದರೆ, ಆ ಲ್ಯಾಪ್‌ಟಾಪನ್ನು ಕೊಂದದ್ದು ಚೆಲ್ಲಿದ ಹಾಲಲ್ಲ; ಚೆಲ್ಲಿದ ಮೇಲೆ ಕಳೆದ ಹದಿನಾಲ್ಕು ಗಂಟೆಗಳ ಮೌನ. ಆ ಮೌನದ ಕಾರಣವು ನನಗೆ ತಿಳಿದದ್ದು ಒಂದು ವಾರದ ಮೇಲೆ. ಅವಳ ಹತ್ತು ವರ್ಷದ ಮಗನು ಸಂಜೆ ಜಗಲಿಯಲ್ಲಿ ನನ್ನ ಬಳಿ ಬಂದು ಕುಳಿತು, ಬಹಳ ಹೊತ್ತು ಕಂಬವನ್ನು ಉಗುರಿನಿಂದ ಕೆರೆಯುತ್ತಿದ್ದು, “ತಾತ, ಹಾಲು ಚೆಲ್ಲಿದ್ದು ನಾನೇ” ಎಂದನು. ಅಮ್ಮ ಹೊರಗೆ ಗಿರಾಕಿಯೊಡನೆ ಮಾತನಾಡುತ್ತಿದ್ದಾಗ ಲೋಟಕ್ಕೆ ಕೈ ತಗುಲಿತಂತೆ. ತನ್ನ ಅಂಗಿಯಿಂದಲೇ ಒರೆಸಿ, ಮುಚ್ಚಳ ಮುಚ್ಚಿ, ಅಂಗಿಯನ್ನು ತಾನೇ ತೊಳೆದು ಹಿತ್ತಿಲಲ್ಲಿ ಹರವಿದನಂತೆ. “ಆಗಲೇ ಯಾಕೆ ಹೇಳಲಿಲ್ಲ ಮಗು?” ಎಂದು ಕೇಳಿದೆ. “ಉಪ್ಪಿನಕಾಯಿ ಜಾಡಿ ಒಡೆದಾಗ ಹೇಳಿದ್ದೆನಲ್ಲ ತಾತ, ಆವಾಗ ಹೊಡೆದರು” ಎಂದನು.

ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಆ ಮಾತನ್ನು ಕೇಳಿಸಿಕೊಂಡಳು. ಅವಳು ಅವನನ್ನು ಗದರಿಸಲಿಲ್ಲ, ಮುದ್ದಿಸಲೂ ಇಲ್ಲ. ಸ್ವಲ್ಪ ಹೊತ್ತು ನಿಂತಿದ್ದು, “ಮಾವ, ನಿಜ ಹೇಳಿದರೆ ಏಟು ಎಂದು ನಾನೇ ಇವನಿಗೆ ಪಾಠ ಮಾಡಿದ್ದೇನೆ” ಎಂದು ಒಳಗೆ ಹೋದಳು. ಲೆಕ್ಕ ಹಾಕಿದರೆ ಆ ಜಾಡಿಯ ಬೆಲೆ ಇನ್ನೂರು ರೂಪಾಯಿಯನ್ನು ದಾಟಲಾರದು. ಅದಕ್ಕೋಸ್ಕರ ಕೊಟ್ಟ ಒಂದು ಏಟಿನ ಬೆಲೆಯನ್ನು ಆ ಮನೆಯು ಎರಡು ತಿಂಗಳ ದುಡಿಮೆಯಲ್ಲಿ ತೆತ್ತಿತು.

ನಮ್ಮ ಭಾಷೆಯಲ್ಲಿಯೇ ಒಂದು ಪಕ್ಷಪಾತವಿರುವುದನ್ನು ವಾಚಕರು ಗಮನಿಸಿರಬಹುದು. ಯಜಮಾನರ ಕೈಯಿಂದ ಲೋಟ ಉರುಳಿದರೆ ಮನೆಯವರೆಲ್ಲರೂ “ಅಯ್ಯೋ, ಚೆಲ್ಲಿತು” ಎನ್ನುತ್ತಾರೆ. ಮಗುವಿನ ಕೈಯಿಂದ ಉರುಳಿದರೆ “ಚೆಲ್ಲಿದೆಯಾ?” ಎನ್ನುತ್ತಾರೆ. ಮೊದಲನೆಯದರಲ್ಲಿ ತಪ್ಪೆಲ್ಲ ಲೋಟದ್ದು, ಎರಡನೆಯದರಲ್ಲಿ ಮಗುವಿನದು. ಕಾಫಿಗಾಗಲಿ ತಾಮ್ರದ ಎಳೆಗಾಗಲಿ ಈ ವ್ಯಾಕರಣದ ಭೇದ ತಿಳಿಯದು. ಅವುಗಳಿಗೆ ಸಂಬಂಧಪಟ್ಟದ್ದು ಒಂದೇ: ಮೊದಲನೆಯ ನಿಮಿಷದಲ್ಲಿ ಏನು ಮಾಡಿದರು ಎಂಬುದು.

ಆ ನಿಮಿಷದಲ್ಲಿ ಮಾಡತಕ್ಕದ್ದನ್ನು ಮನೆಯ ಎಲ್ಲರೂ, ಅದರಲ್ಲಿಯೂ ಮಕ್ಕಳು, ತಿಳಿದಿರುವುದು ಲೇಸು. ಚಾರ್ಜರು ಸಿಕ್ಕಿಸಿದ್ದರೆ ಮೊದಲು ಗೋಡೆಯ ಸ್ವಿಚ್ಚನ್ನು ಒಣಗಿದ ಕೈಯಿಂದ ಆರಿಸಿ, ಆಮೇಲೆ ತಂತಿಯನ್ನು ಕೀಳಬೇಕು. ಚಾರ್ಜರಾಗಲಿ ಸ್ವಿಚ್ಚಿನ ಹಲಗೆಯಾಗಲಿ ನೆನೆದಿದ್ದರೆ ಅದನ್ನು ಮುಟ್ಟದೆ ಮನೆಯ ಮುಖ್ಯ ಸ್ವಿಚ್ಚನ್ನೇ ಆರಿಸತಕ್ಕದ್ದು. ಯಂತ್ರಕ್ಕಿಂತ ಜೀವ ದೊಡ್ಡದು. ಅನಂತರ ಯಂತ್ರವನ್ನು ಆರಿಸುವ ಗುಂಡಿಯನ್ನು ಸುಮಾರು 10 ಸೆಕೆಂಡುಗಳ ಕಾಲ ಒತ್ತಿ ಹಿಡಿದರೆ ಅದು ನಿದ್ರಿಸದೆ ಪೂರ್ಣವಾಗಿ ಆರುತ್ತದೆ. ಬರೆಯುತ್ತಿದ್ದುದನ್ನು ಉಳಿಸಿಕೊಳ್ಳೋಣವೆಂದು ತಡಮಾಡಕೂಡದು. ಬ್ಯಾಟರಿಯು ಹೊರಗಿನಿಂದಲೇ ತೆಗೆಯಬರುವಂಥದಾದರೆ ತೆಗೆದುಬಿಡಬೇಕು. ಮೇಲಿನ ದ್ರವವನ್ನು ಬಟ್ಟೆಯಿಂದ ಒತ್ತಿ ತೆಗೆದು, ಓದುತ್ತಿದ್ದ ಪುಸ್ತಕವನ್ನು ಮೇಜಿನ ಅಂಚಿನಲ್ಲಿ ಬೋರಲು ಹಾಕುವಂತೆ ಲ್ಯಾಪ್‌ಟಾಪನ್ನು ಬೋರಲು ನಿಲ್ಲಿಸಿದರೆ ಒಳಗಿನದು ಬಂದ ದಾರಿಯಿಂದಲೇ ಇಳಿಯುತ್ತದೆ. ಅಲುಗಾಡಿಸಿದರೆ ಇಲ್ಲದ ಮೂಲೆಗಳಿಗೂ ಹರಡುತ್ತದೆ. ಬ್ಯಾಟರಿ ಉಬ್ಬಿದ್ದರೆ, ಬಿಸಿಯಾಗಿದ್ದರೆ, ಹೊಗೆಯೋ ವಾಸನೆಯೋ ಬಂದರೆ, ಎಲ್ಲರೂ ದೂರ ಸರಿಯುವುದೇ ವಿವೇಕ.

ಶುದ್ಧವಾದ ನೀರು ಸ್ವಲ್ಪವೇ ಬಿದ್ದಿದ್ದರೆ ಫ್ಯಾನಿನ ಗಾಳಿಯಲ್ಲಿ ಎರಡು ದಿನಗಳಾದರೂ ಒಣಗಿಸಿ ನೋಡಬಹುದು. ಕಾಫಿ, ಹಾಲು, ಪಾನಕ, ಮಜ್ಜಿಗೆಗಳಾದರೆ ಒಣಗಿಸುವುದರಿಂದ ಮಾತ್ರ ಸಾಲದು. ಬಲ್ಲವರು ಬಿಚ್ಚಿ, ಬ್ಯಾಟರಿಯನ್ನು ಕಳಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಳಗನ್ನು ತೊಳೆಯಬೇಕಾಗುತ್ತದೆ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯೂ, ಅಂಗಳದ ಉರಿಬಿಸಿಲೂ ಪ್ಲಾಸ್ಟಿಕ್ಕನ್ನೂ ಬ್ಯಾಟರಿಯನ್ನೂ ಕೆಡಿಸುತ್ತವೆ. ಮೊಬೈಲು ನೆನೆದೊಡನೆ ಅಕ್ಕಿಯ ಡಬ್ಬಿಯಲ್ಲಿ ಹೂಳುವ ಪದ್ಧತಿಯೊಂದು ನಮ್ಮ ಮನೆಗಳಲ್ಲಿ ಬೇರೂರಿದೆ. ಅಕ್ಕಿಯು ಮುಚ್ಚಿದ ಯಂತ್ರದ ಒಳಗಿನ ತೇವವನ್ನು ಹೀರಲಾರದು. ಅದರ ಹುಡಿಯೂ ನುಚ್ಚೂ ರಂಧ್ರಗಳಲ್ಲಿ ಸೇರಿಕೊಳ್ಳುತ್ತವೆ. ಹೀಗೆ ಮಾಡಬೇಡಿರೆಂದು ಆಪಲ್ ಸಂಸ್ಥೆಯು ತನ್ನ ಫೋನುಗಳ ವಿಷಯದಲ್ಲಿ ಎಚ್ಚರಿಸಿರುವುದು 2024ರಲ್ಲಿ ಪತ್ರಿಕೆಗಳಲ್ಲಿಯೂ ಪ್ರಕಟವಾಯಿತು. ಅಕ್ಕಿಯು ಅನ್ನಕ್ಕಾಗಿಯೇ ಇರಲಿ.

‘ಐಪಿ 68’ ಎಂಬ ಗುರುತುಳ್ಳ ಮೊಬೈಲುಗಳನ್ನು ಕೊಂಡವರು ಅವಕ್ಕೆ ಜಲಭಯವೇ ಇಲ್ಲವೆಂದು ತಿಳಿಯುವುದುಂಟು. ಅದರಲ್ಲಿ 6 ಎಂಬುದು ಧೂಳಿನಿಂದಲೂ, 8 ಎಂಬುದು ನೀರಿನಿಂದಲೂ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ಆ ಪರೀಕ್ಷೆ ನಡೆಯುವುದು ತಿಳಿನೀರಿನಲ್ಲಿ, ಹೊಸ ಯಂತ್ರದ ಮೇಲೆ. ಕಾಫಿಯಲ್ಲಿ ಅಲ್ಲ. ವರ್ಷಗಳು ಕಳೆದಂತೆ, ಕೈಜಾರಿ ಬಿದ್ದಂತೆ, ಒಳಗಿನ ಬಂದೋಬಸ್ತು ಸಡಿಲವಾಗುತ್ತದೆ. ನೀರಿನಿಂದಾದ ಹಾನಿಯನ್ನು ಮಾರಿದವರ ಖಾತರಿಯು ಸಾಮಾನ್ಯವಾಗಿ ಒಳಗೊಳ್ಳುವುದೂ ಇಲ್ಲ.

ನಿವಾರಣೆಯು ಸುಲಭ. ಕಾಫಿಯ ಲೋಟಕ್ಕೆ ಯಂತ್ರಕ್ಕಿಂತ ತಗ್ಗಾದ ಬೇರೊಂದು ಮಣೆಯೋ ಸ್ಟೂಲೋ ಇರಲಿ. ಚೆಲ್ಲಿದರೆ ನೆಲಕ್ಕೆ ಚೆಲ್ಲಲಿ. ದಿನವೆಲ್ಲ ಅಕ್ಷರ ಜೋಡಿಸುವವರು ಕೆಲವು ನೂರು ರೂಪಾಯಿಗಳ ಬೇರೆ ಕೀಲಿಮಣೆಯೊಂದನ್ನು ತಂದು ಲ್ಯಾಪ್‌ಟಾಪನ್ನು ದೂರವಿರಿಸಿದರೆ, ಅಪಘಾತವಾದಾಗ ಹೋಗುವುದು ಆ ನೂರುಗಳು ಮಾತ್ರ. ಬರೆದದ್ದರ ಪ್ರತಿಯೊಂದು ಪ್ರತಿದಿನವೂ ಬೇರೆ ಕಡೆ ಸೇರಲಿ. ಯಂತ್ರವನ್ನು ಮತ್ತೆ ಕೊಳ್ಳಬಹುದು, ಬರೆದದ್ದನ್ನು ಕೊಳ್ಳಲಾಗದು.

ನನ್ನ ತಂಗಿಯ ಮಗಳು ಈಗ ಹೀಗೆಯೇ ಮಾಡಿಕೊಂಡಿದ್ದಾಳೆ. ಆದರೂ ಕಳೆದ ಶ್ರಾವಣದಲ್ಲಿ ಅವಳ ಮೊಣಕೈಯೇ ತಗುಲಿ ನೀರಿನ ಚೊಂಬು ಉರುಳಿ, ನೀರು ಲ್ಯಾಪ್‌ಟಾಪಿನವರೆಗೂ ಹರಿಯಿತು. “ಅಮ್ಮಾ, ಚೆಲ್ಲಿತು!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಓಡಿಹೋಗಿ ಗೋಡೆಯ ಸ್ವಿಚ್ಚನ್ನು ಆರಿಸಿದವನು ಆ ಹುಡುಗ. ಯಂತ್ರವು ಮೂರನೆಯ ದಿನ ಎದ್ದು, ಒತ್ತಕ್ಷರಗಳೊಡನೆ ‘ಶ್ರೀ’ ಎಂದು ಬರೆಯಿತು.

ವಾಚಕ ಸೋದರ ಸೋದರಿಯರಲ್ಲಿ ನನ್ನ ಬಿನ್ನಹ ಇಷ್ಟೇ. ಗೋಡೆಯ ಸ್ವಿಚ್ಚು ಎಲ್ಲಿದೆ, ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು ಎಂಬುದನ್ನು ಇಂದೇ ಮಕ್ಕಳಿಗೆ ತೋರಿಸಿಕೊಡಿರಿ. ಅದಕ್ಕಿಂತ ಮೊದಲು ಅವರಿಗೆ ಇನ್ನೊಂದು ಮಾತು ತಿಳಿದಿರಬೇಕು: ಈ ಮನೆಯಲ್ಲಿ ಚೆಲ್ಲಿದ್ದನ್ನು ಹೇಳಿದವರಿಗೆ ಏಟಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಅವರು ನಂಬುವುದಿಲ್ಲ. ಮುಂದೆ ಒಂದು ಜಾಡಿ ಒಡೆದ ದಿನ ನಮ್ಮ ಕೈಯೂ ಬಾಯಿಯೂ ಹೇಗೆ ನಡೆದುಕೊಳ್ಳುತ್ತವೆಯೋ ಅದನ್ನು ನೋಡಿ ನಂಬುತ್ತಾರೆ.