ಹೊರೆ ಹೊರುವ ಮೂರು ತೋಳುಗಳು

ನಿಮ್ಮ ಮನೆಯಲ್ಲಿ ಮುಂಭಾಗದಿಂದ ಬಟ್ಟೆ ತುಂಬುವ ವಾಷಿಂಗ್ ಮೆಷಿನ್ ಇದ್ದರೆ, ಬಟ್ಟೆ ಹಿಂಡುವ ಕೊನೆಯ ಹಂತದಲ್ಲಿ ಅದರ ಭೋರ್ಗರೆತವನ್ನು ನೀವು ಕೇಳಿಯೇ ಇರುತ್ತೀರಿ. ಆ ಹೊತ್ತಿನಲ್ಲಿ ಒಳಗಿನ ಡ್ರಮ್ ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತಿರಬಹುದು. ಡ್ರಮ್ಮಿನ ವ್ಯಾಸ 50 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ಗೋಡೆಗೆ ಅಂಟಿಕೊಂಡ ಬಟ್ಟೆ ಆಗ ತನ್ನ ತೂಕದ ಸುಮಾರು 400 ಪಟ್ಟು ಬಲದಿಂದ ಗೋಡೆಯನ್ನು ಒತ್ತುತ್ತದೆ. ವೇಗ ಇಮ್ಮಡಿಯಾದರೆ ಈ ಬಲ ನಾಲ್ಮಡಿಯಾಗುತ್ತದೆ.

ಇಷ್ಟನ್ನು ತಾಳಿಕೊಳ್ಳುವ ಡ್ರಮ್ ಬಹಳ ದಪ್ಪವಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಅದು ತುಕ್ಕು ಹಿಡಿಯದ ಉಕ್ಕಿನ ತೆಳು ತಗಡು. ಅದರ ಮೈತುಂಬ ನೀರು ಹೊರಹೋಗುವ ರಂಧ್ರಗಳು. ಅದರ ಬಲವಿರುವುದು ದುಂಡಾದ ಆಕಾರದಲ್ಲಿ. ಹೊರಕ್ಕೆ ಒತ್ತುವ ಭಾರವನ್ನು, ಮರದ ಪೀಪಾಯಿಗೆ ಬಿಗಿದ ಕಬ್ಬಿಣದ ಬಳೆಯಂತೆ, ಇಡೀ ಸುತ್ತು ಸಮನಾಗಿ ಹಂಚಿಕೊಳ್ಳುತ್ತದೆ. ಬಟ್ಟೆ ಸಮನಾಗಿ ಹರಡಿರುವವರೆಗೂ ಆ ತೆಳು ತಗಡಿಗೆ ಅಪಾಯವಿಲ್ಲ.

ಅಪಾಯವಿರುವುದು ಭಾರ ಒಂದೇ ಕಡೆ ಸೇರಿದಾಗ. ಒಂದು ಪಕ್ಕದಲ್ಲಿ ಕೇವಲ ಒಂದು ಕಿಲೋ ಹೆಚ್ಚಾದರೂ, ಆ ವೇಗದಲ್ಲಿ 400 ಕಿಲೋ ತೂಕದಷ್ಟು ಸೆಳೆತ ದಿಕ್ಕು ಬದಲಿಸುತ್ತಾ ಯಂತ್ರವನ್ನು ಅಲುಗಾಡಿಸುತ್ತದೆ. ಆದುದರಿಂದಲೇ ಯಂತ್ರ ಮೊದಲು ನಿಧಾನವಾಗಿ ತಿರುಗಿ ಬಟ್ಟೆಯನ್ನು ಹರಡುತ್ತದೆ. ಸಮತೋಲ ಕಾಣದಿದ್ದರೆ ನಿಂತು, ಮತ್ತೆ ಹರಡಿ ನೋಡುತ್ತದೆ. ಡ್ರಮ್ಮನ್ನು ಒಳಗೊಂಡ ತೊಟ್ಟಿಯನ್ನು ಸಾಮಾನ್ಯವಾಗಿ ಸ್ಪ್ರಿಂಗುಗಳಿಂದ ತೂಗುಹಾಕಿ, ಕೆಳಗೆ ಕುಲುಕಾಟ ತಗ್ಗಿಸುವ ಡ್ಯಾಂಪರುಗಳನ್ನಿಟ್ಟು, ಅಲುಗಾಟ ಮಿತಿಮೀರದಂತೆ ಕಾಂಕ್ರೀಟಿನ ಭಾರವನ್ನೂ ಬಿಗಿದಿರುತ್ತಾರೆ. ಬಿಗಿಯಾಗಿ ಕಟ್ಟಿಹಾಕದೆ, ತುಸು ಓಲಾಡಲು ಬಿಟ್ಟಿರುವುದೇ ಅದರ ರಕ್ಷಣೆ.

ಇವೆಲ್ಲದರ ನಡುವೆ ನಮಗೆ ಎಂದೂ ಕಾಣದ ಒಂದು ಭಾಗವಿದೆ. ಡ್ರಮ್ಮಿನ ಬೆನ್ನಿಗೆ ಮೂರು ತೋಳುಗಳ ಒಂದು ಆಧಾರ. ರಿಪೇರಿಯವರು ಅದನ್ನು ಸ್ಪೈಡರ್ ಎನ್ನುತ್ತಾರೆ. ಅದರ ನಡುವಿನ ಉಕ್ಕಿನ ದಂಡವು ಬೇರಿಂಗುಗಳಲ್ಲಿ ತಿರುಗುತ್ತದೆ. ಡ್ರಮ್ಮಿನ ಸಮಸ್ತ ಭಾರವೂ ಈ ತೋಳುಗಳ ಮೇಲೆಯೇ. ಅನೇಕ ಯಂತ್ರಗಳಲ್ಲಿ ಇದು ಅಲ್ಯೂಮಿನಿಯಂ ಮಿಶ್ರಲೋಹದ ಎರಕ. ಸೋಪಿನ ಪುಡಿಯ ಶೇಷವೂ ಒದ್ದೆಯೂ ಅಲ್ಲಿ ನಿಂತರೆ, ಹೊಳೆಯುವ ಡ್ರಮ್ಮಿನ ಹಿಂದೆ ಲೋಹ ಸದ್ದಿಲ್ಲದೆ ಸವೆಯುತ್ತದೆ. ಒಂದು ದಿನ ತೋಳು ಮುರಿಯುತ್ತದೆ. ಪುಡಿಯನ್ನು ಅಳತೆಯಲ್ಲಿ ಹಾಕುವುದು, ಒಗೆದ ಮೇಲೆ ಬಾಗಿಲನ್ನು ತುಸು ತೆರೆದಿಡುವುದು, ದಪ್ಪ ಕಂಬಳಿಯೊಂದನ್ನೇ ಹಾಕಿ ಹಿಂಡದಿರುವುದು: ಇಷ್ಟು ಜಾಗ್ರತೆ ಆ ತೋಳುಗಳ ಆಯುಷ್ಯವನ್ನು ಹೆಚ್ಚಿಸುತ್ತದೆ.

ಇದನ್ನು ತಿಳಿದಂದಿನಿಂದ ನನಗೆ ನೆನಪಾಗುವುದು ನಮ್ಮ ಅತ್ತಿಗೆ. ಅಮ್ಮ ಹಾಸಿಗೆ ಹಿಡಿದಾಗ ಹಗಲಿರುಳಿನ ಆರೈಕೆ ಅವರ ಪಾಲಿಗೆ ಬಂದಿತು. ಮನೆಗೆ ಬಂದವರೆಲ್ಲರೂ ಅಮ್ಮನ ಶುಭ್ರವಾದ ಹಾಸಿಗೆಯನ್ನು ಕಂಡು ಮೆಚ್ಚುತ್ತಿದ್ದರು; ಅತ್ತಿಗೆ ನಿದ್ದೆಗೆಟ್ಟ ರಾತ್ರಿಗಳು ಅವರಿಗೆ ಕಾಣುತ್ತಿರಲಿಲ್ಲ. ಅಣ್ಣನೇ ಒಂದು ಸಂಜೆ ಒಡಹುಟ್ಟಿದವರನ್ನೆಲ್ಲ ಕೂರಿಸಿ, ವಾರದ ರಾತ್ರಿಗಳನ್ನು ಪಾಲು ಮಾಡಿದ. ಶುಕ್ರವಾರ ನನ್ನದಾಯಿತು. ಅಮ್ಮನ ಕಾಯಿಲೆಯೇನೂ ಹಗುರವಾಗಲಿಲ್ಲ. ಆದರೆ ಕೆಲವು ವಾರಗಳ ನಂತರ ಅತ್ತಿಗೆ ಅಡುಗೆಮನೆಯಲ್ಲಿ ಮತ್ತೆ ಹಾಡು ಗುನುಗುವುದು ಕೇಳಿಸಿತು.

ಆತ್ಮೀಯರೇ, ಭಾರವಿಲ್ಲದ ಕುಟುಂಬವಿಲ್ಲ. ವೇಗವನ್ನು ತಗ್ಗಿಸುವುದೂ ಎಲ್ಲ ಸಮಯದಲ್ಲಿ ನಮ್ಮ ಕೈಯಲ್ಲಿಲ್ಲ. ಭಾರ ಎಷ್ಟಿದೆ ಎಂಬುದಕ್ಕಿಂತ, ಅದು ಎಲ್ಲಿ ಸೇರಿಕೊಂಡಿದೆ ಎಂಬುದನ್ನು ನೋಡಬೇಕು. ಯಾರ ಬೆನ್ನಿಗೆ ಅದೆಲ್ಲ ಬಿದ್ದಿದೆಯೋ ಅವರು ಬಹುಶಃ ದೂರು ಹೇಳುತ್ತಿಲ್ಲ. ಅವರು ಕೇಳುವ ಮೊದಲೇ ಒಂದು ರಾತ್ರಿಯ ಪಾಲನ್ನು ನೀವಾಗಿಯೇ ಕೇಳಿ ಪಡೆಯಿರಿ.